ಬಂದರಿನ ಕಂಬಕ್ಕೇರಿದ ಕಪ್ಪು ಶಂಕು

ಕಡಲು ಯಾವಾಗ ಮುನಿಯುತ್ತದೆ ಎಂದು ನಮ್ಮ ಕರಾವಳಿಯ ಮೀನುಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಂಗಾರು ಕಾಲಿಡುವ ಹೊತ್ತಿಗೆ ಮಲ್ಪೆ, ಮಂಗಳೂರು, ಕಾರವಾರದ ಬಂದರುಗಳಲ್ಲಿ ಯಾಂತ್ರಿಕ ದೋಣಿಗಳು ಸಾಲಾಗಿ ನಿಂತುಬಿಡುತ್ತವೆ. ಡಿಸೆಂಬರ್, ಜನವರಿ ಎಂದರೆ ಇಲ್ಲಿ ಕಡಲು ಸೌಮ್ಯವಾಗಿರುವ ತಿಂಗಳುಗಳು. ಉತ್ತರ ಅಟ್ಲಾಂಟಿಕ್ ಸಾಗರದ ಅಂಚಿನಲ್ಲಿರುವ ಬ್ರಿಟನ್, ಐಸ್‌ಲ್ಯಾಂಡ್, ನಾರ್ವೆ ದೇಶಗಳಲ್ಲಿ ಈ ಲೆಕ್ಕ ತಿರುವುಮುರುವು. ಅಲ್ಲಿ ಕಡಲಿಗಿಳಿಯುವವನು ಹೆದರುವುದು ಚಳಿಗಾಲಕ್ಕೆ. ಆದರೆ ಹೊಟ್ಟೆಪಾಡು ಋತುವನ್ನು ನೋಡುವುದಿಲ್ಲ. ನೂರಾರು ವರ್ಷಗಳಿಂದ ಆ ಹೆಪ್ಪುಗಟ್ಟುವ ನೀರಿನ ಮೇಲೆ ದೋಣಿಗಳು ಚಳಿಗಾಲದಲ್ಲೂ ಓಡಾಡುತ್ತಲೇ ಬಂದಿವೆ.

ಇಂದು ಜಗತ್ತಿನ ಎಲ್ಲ ಕಡೆ ರೇಡಿಯೊ, ಟಿ.ವಿ., ಮೊಬೈಲ್‌ಗಳಲ್ಲಿ ಹವಾಮುನ್ಸೂಚನೆ ಕೇಳುವುದು ಸಾಮಾನ್ಯ ಸಂಗತಿಯಾಗಿದೆ. ಸರಕಾರವೊಂದು ತನ್ನ ಜನರಿಗೆ ನಾಳಿನ ಹವೆಯನ್ನು ಮುಂದಾಗಿ ತಿಳಿಸಬೇಕೆಂಬ ಈ ಪದ್ಧತಿ ಬೆಳೆದು ಬಂದ ಕತೆಯಲ್ಲಿ ಬ್ರಿಟನ್ನಿನ ತಣ್ಣೀರಿನ ತೀರದಲ್ಲಿ ಒಡೆದ ಹಡಗುಗಳಿಗೆ, ಮರಳಿ ಬಾರದ ದೋಣಿಗಳಿಗೆ ದೊಡ್ಡ ಪಾಲಿದೆ. ಎಚ್ಚರಿಕೆ ಕೊಡುವುದನ್ನು ಕಲಿಯುವುದಕ್ಕಿಂತ ಎಚ್ಚರಿಕೆ ಬಂದ ಮೇಲೆ ದಡದಲ್ಲಿ ನಿಲ್ಲುವುದನ್ನು ಕಲಿಯುವುದು ಎಷ್ಟು ಕಷ್ಟ ಎಂಬುದನ್ನೂ ಆ ಕತೆ ಹೇಳುತ್ತದೆ.

ಚಳಿಗಾಲವೇ ಏಕೆ?

ಧ್ರುವದ ಕಡೆಯ ಶೀತಗಾಳಿಗೂ ದಕ್ಷಿಣದ ಬೆಚ್ಚನೆಯ ಗಾಳಿಗೂ ಇರುವ ಉಷ್ಣತೆಯ ಅಂತರವೇ ಆ ಪ್ರದೇಶದ ಬಿರುಗಾಳಿಗಳಿಗೆ ಇಂಧನ. ಈ ಅಂತರ ಚಳಿಗಾಲದಲ್ಲಿ ಅತಿ ಹೆಚ್ಚು. ಆಗ ವಾಯುಭಾರ ಕುಸಿತಗಳು ಅಟ್ಲಾಂಟಿಕ್ಕಿನ ಮೇಲೆ ಒಂದರ ಹಿಂದೊಂದು ಸಾಲುಗಟ್ಟಿ ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತವೆ. ಒಂದು ಬಿರುಗಾಳಿ ಹೋಗಿ ಮತ್ತೊಂದು ಬರುವ ನಡುವೆ ಕೆಲವೊಮ್ಮೆ ಅರ್ಧ ದಿನದ ಶಾಂತಿ ಇರುತ್ತದೆ. ಆಕಾಶ ತಿಳಿಯಾಗಿ, ಬಿಸಿಲು ಬಿದ್ದು, ಕಡಲು ಕನ್ನಡಿಯಂತಾಗುತ್ತದೆ. ದೋಣಿಯವರನ್ನು ಮೋಸಗೊಳಿಸುವುದು ಈ ಬಿಡುವೇ.

ಶೀತಗಾಳಿ ಸಾಂದ್ರವಾದುದು. ಶೂನ್ಯ ಡಿಗ್ರಿಯ ಗಾಳಿ ನಮ್ಮ ಕರಾವಳಿಯ 28 ಡಿಗ್ರಿಯ ಗಾಳಿಗಿಂತ ಸುಮಾರು ಶೇಕಡಾ 10ರಷ್ಟು ಹೆಚ್ಚು ಸಾಂದ್ರ. ಆದ್ದರಿಂದ ಅದೇ ವೇಗದಲ್ಲಿ ಬೀಸಿದರೂ ಹಾಯಿಗೆ, ಅಲೆಗೆ ಅದು ಕೊಡುವ ಹೊಡೆತ ಹೆಚ್ಚು. ಚಳಿಗಾಲದಲ್ಲಿ ಗಾಳಿಗಿಂತ ಕಡಲ ನೀರು ತುಸು ಬೆಚ್ಚಗಿರುವುದರಿಂದ ಕೆಳಗಿನ ಗಾಳಿ ಮೇಲೇಳುತ್ತದೆ, ಮೇಲಿನ ವೇಗದ ಗಾಳಿ ರಭಸದಿಂದ ಕೆಳಗಿಳಿಯುತ್ತದೆ. ಹೀಗಾಗಿ ಗಾಳಿ ಒಂದೇ ಸಮನೆ ಬೀಸದೆ ಹೊಡೆತ ಹೊಡೆತವಾಗಿ ಅಪ್ಪಳಿಸುತ್ತದೆ. ಇದರ ಮೇಲೆ ಕತ್ತಲು ಬೇರೆ. ಸ್ಕಾಟ್ಲೆಂಡಿನ ಉತ್ತರದ ಶೆಟ್ಲೆಂಡ್ ದ್ವೀಪಗಳಲ್ಲಿ ಡಿಸೆಂಬರ್ ಕೊನೆಯಲ್ಲಿ ಹಗಲು ಸುಮಾರು ಆರು ಗಂಟೆ ಮಾತ್ರ. ಬೆಳಿಗ್ಗೆ ಹೊರಟ ದೋಣಿ ಗಾಳಿ ಎದ್ದ ಮೇಲೆ ಬಂದರನ್ನು ಹುಡುಕಬೇಕಾಗುವುದು ಕತ್ತಲಲ್ಲಿ.

ಮನೆಯ ಬಾಗಿಲಲ್ಲಿ ಮುಳುಗಿದ ಹಡಗು

1859ರ ಆಗಸ್ಟ್ 26ರಂದು 'ರಾಯಲ್ ಚಾರ್ಟರ್' ಎಂಬ ಹಡಗು ಆಸ್ಟ್ರೇಲಿಯಾದ ಮೆಲ್ಬೋರ್ನ್‌ನಿಂದ ಇಂಗ್ಲೆಂಡಿನ ಲಿವರ್‌ಪೂಲ್‌ಗೆ ಹೊರಟಿತು. ಹಾಯಿ, ಉಗಿಯಂತ್ರ ಎರಡೂ ಇದ್ದ ವೇಗದ ಹಡಗು ಅದು. ಆಸ್ಟ್ರೇಲಿಯಾದ ಚಿನ್ನದ ಗಣಿಗಳಲ್ಲಿ ಸಂಪಾದಿಸಿ ಊರಿಗೆ ಮರಳುತ್ತಿದ್ದ ಅನೇಕರು ಅದರಲ್ಲಿದ್ದರು. ಎರಡು ತಿಂಗಳ ಪಯಣ ಮುಗಿಯುತ್ತ ಬಂದಿತ್ತು. ಅಕ್ಟೋಬರ್ 25ರಂದು ಹಡಗು ವೇಲ್ಸ್‌ನ ವಾಯವ್ಯ ಮೂಲೆಯ ಆಂಗಲ್‌ಸಿ ದ್ವೀಪವನ್ನು ಸುತ್ತುತ್ತಿದ್ದಾಗ ವಾಯುಭಾರ ಕುಸಿಯತೊಡಗಿತು. ಆಶ್ರಯ ಪಡೆಯಲು ಹೋಲಿಹೆಡ್ ಬಂದರು ಹತ್ತಿರದಲ್ಲೇ ಇತ್ತು. ಆದರೆ ಲಿವರ್‌ಪೂಲ್ ಕೆಲವೇ ಗಂಟೆಗಳ ದಾರಿ. ಹಡಗು ಮುಂದೆ ಸಾಗಿತು.

ರಾತ್ರಿ ಗಾಳಿ ಈಶಾನ್ಯಕ್ಕೆ ತಿರುಗಿ ಹಡಗನ್ನು ದ್ವೀಪದ ಬಂಡೆಗಳತ್ತ ದೂಡತೊಡಗಿತು. ಲಂಗರು ಹಾಕಿದರು, ಸರಪಳಿಗಳು ಒಂದಾದ ಮೇಲೊಂದು ತುಂಡಾದವು. ಗಾಳಿಯ ಹಿಡಿತ ತಪ್ಪಿಸಲು ಕೂವೆಮರಗಳನ್ನು ಕಡಿದು ಹಾಕಿದರೂ ಪ್ರಯೋಜನವಾಗಲಿಲ್ಲ. ಬೆಳಗಿನ ಜಾವ ಮೊಯೆಲ್ವ್ರಾ ಎಂಬ ಹಳ್ಳಿಯ ಬಳಿ ಹಡಗು ಬಂಡೆಗೆ ಬಡಿದು ಎರಡಾಯಿತು. ಮಾಲ್ಟಾ ದೇಶದ ನಾವಿಕನೊಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅಲೆಗಳ ನಡುವೆ ಈಜಿ ದಡ ಸೇರಿದ್ದರಿಂದ ಸುಮಾರು 40 ಮಂದಿ ಉಳಿದರು. ಸುಮಾರು 450 ಮಂದಿ ಸತ್ತರು. ಹೆಂಗಸರು, ಮಕ್ಕಳಲ್ಲಿ ಒಬ್ಬರೂ ಉಳಿಯಲಿಲ್ಲ. ದಡ ಕೂಗಳತೆಯ ದೂರದಲ್ಲಿತ್ತು.

ಅದೇ ಬಿರುಗಾಳಿಗೆ ಬ್ರಿಟನ್ನಿನ ತೀರದುದ್ದಕ್ಕೂ 133 ಹಡಗುಗಳು ನಾಶವಾದವು. ಒಟ್ಟು ಸತ್ತವರು ಸುಮಾರು 800. ದೇಶ ತಲ್ಲಣಿಸಿತು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಆ ಹಳ್ಳಿಗೆ ಹೋಗಿ, ಶವಗಳನ್ನು ಗುರುತಿಸಿ ಮಣ್ಣು ಮಾಡಲು ಹೆಣಗುತ್ತಿದ್ದ ಪಾದ್ರಿಯನ್ನು ಕಂಡು ಬರೆದ. ಎಲ್ಲರ ಮುಂದೆ ಒಂದೇ ಪ್ರಶ್ನೆ ಇತ್ತು: ಈ ಗಾಳಿ ಬರುವುದು ಮೊದಲೇ ತಿಳಿಯುವಂತಿರಲಿಲ್ಲವೇ?

ತಿಳಿಯುವಂತಿತ್ತು ಎಂದು ಹೇಳಿದವನು ರಾಬರ್ಟ್ ಫಿಟ್ಜ್‌ರಾಯ್.

ಫಿಟ್ಜ್‌ರಾಯ್‌ನ ಶಂಕು

ವಿಕಾಸವಾದದ ಜನಕ ಚಾರ್ಲ್ಸ್ ಡಾರ್ವಿನ್ ಯುವಕನಾಗಿದ್ದಾಗ ಭೂಪ್ರದಕ್ಷಿಣೆ ಮಾಡಿದ 'ಬೀಗಲ್' ಹಡಗಿನ ಕಪ್ತಾನನೇ ಈ ಫಿಟ್ಜ್‌ರಾಯ್. 1831ರಿಂದ 1836ರವರೆಗಿನ ಆ ಯಾನದಲ್ಲಿ ಆತ ಹವೆಯನ್ನು ನಿಷ್ಠೆಯಿಂದ ದಾಖಲಿಸಿದ್ದ. ಮುಂದೆ ಪಾರ್ಲಿಮೆಂಟ್ ಸದಸ್ಯನಾದ, ನ್ಯೂಜಿಲೆಂಡಿನ ಗವರ್ನರ್ ಆದ. 1854ರಲ್ಲಿ ಬ್ರಿಟಿಷ್ ಸರಕಾರ ವ್ಯಾಪಾರ ಮಂಡಳಿಯ ಅಡಿಯಲ್ಲಿ ಚಿಕ್ಕದೊಂದು ಹವಾಮಾನ ಇಲಾಖೆ ತೆರೆದು ಅವನಿಗೆ ವಹಿಸಿತು. ಹಡಗುಗಳ ದಿನಚರಿಗಳಿಂದ ಅಂಕಿಸಂಖ್ಯೆ ಕಲೆಹಾಕುವುದಷ್ಟೇ ಅದಕ್ಕೆ ಒಪ್ಪಿಸಿದ ಕೆಲಸ. ಇಂದಿನ ಬ್ರಿಟಿಷ್ ಹವಾಮಾನ ಕಚೇರಿಯ ಮೂಲ ಇದೇ.

ಅಂಕಿಸಂಖ್ಯೆ ಕಲೆಹಾಕುವುದಕ್ಕೇ ಫಿಟ್ಜ್‌ರಾಯ್ ತೃಪ್ತನಾಗಲಿಲ್ಲ. ಗಾಳಿಯ ಒತ್ತಡವನ್ನು ಅಳೆಯುವ ವಾಯುಭಾರಮಾಪಕ ಕುಸಿಯತೊಡಗಿದರೆ ಕೆಟ್ಟ ಹವೆ ಬರುತ್ತಿದೆ ಎಂದರ್ಥ. ಅದನ್ನು ಕೊಳ್ಳುವ ಶಕ್ತಿಯಿಲ್ಲದ ಮೀನುಗಾರರ ಹಳ್ಳಿಗಳಿಗೆ ಗಟ್ಟಿಮುಟ್ಟಾದ, ಸುಲಭವಾಗಿ ಓದಬಹುದಾದ ಮಾಪಕಗಳನ್ನು ಒದಗಿಸುವ ಏರ್ಪಾಡು ಮಾಡಿದ. ಬಂದರಿನ ಗೋಡೆಗೆ ಹಾಕಿದ ಆ ಮಾಪಕಗಳಲ್ಲಿ ಕೆಲವು ಇಂದಿಗೂ ಅಲ್ಲಿವೆ.

ರಾಯಲ್ ಚಾರ್ಟರ್ ದುರಂತದ ನಂತರ ಆತ ಆ ದಿನಗಳ ದಾಖಲೆಗಳನ್ನೆಲ್ಲ ತರಿಸಿ ನಕ್ಷೆಗಳನ್ನು ಬರೆದ. ಬಿರುಗಾಳಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಗಂಟೆಗಟ್ಟಲೆ ಸಮಯ ತೆಗೆದುಕೊಂಡು ಸಾಗಿದ್ದು ಸ್ಪಷ್ಟವಾಗಿ ಕಂಡಿತು. ಆಗ ಹೊಸದಾಗಿ ಬಂದಿದ್ದ ತಂತಿ ಬಿರುಗಾಳಿಗಿಂತ ಎಷ್ಟೋ ವೇಗವಾಗಿ ಓಡುತ್ತಿತ್ತು. ಗಾಳಿ ಮೊದಲು ಮುಟ್ಟಿದ ಊರಿನಿಂದ ಲಂಡನ್ನಿಗೆ ತಂತಿ, ಲಂಡನ್ನಿನಿಂದ ಗಾಳಿ ಇನ್ನೂ ಮುಟ್ಟದ ಊರಿಗೆ ಇನ್ನೊಂದು ತಂತಿ. ಇಷ್ಟೇ ಅವನ ಉಪಾಯ. 1861ರ ಫೆಬ್ರವರಿಯಲ್ಲಿ ಇದು ಜಾರಿಗೆ ಬಂತು.

ತಂತಿ ತಲುಪಿದ ಕೂಡಲೇ ಬಂದರಿನ ಕಂಬಕ್ಕೆ ಕ್ಯಾನ್ವಾಸಿನ ದೊಡ್ಡ ಕಪ್ಪು ಶಂಕುವೊಂದನ್ನು ಏರಿಸುತ್ತಿದ್ದರು. ಶಂಕುವಿನ ಮೊನೆ ಮೇಲಿದ್ದರೆ ಉತ್ತರ ದಿಕ್ಕಿನ ಬಿರುಗಾಳಿ, ಕೆಳಗಿದ್ದರೆ ದಕ್ಷಿಣದ್ದು. ಶಂಕುವಿನ ಜೊತೆ ಪೀಪಾಯಿಯಾಕಾರದ ಡೋಲೂ ಏರಿದರೆ ಭಾರಿ ಬಿರುಗಾಳಿ. ರಾತ್ರಿಯಾದರೆ ಅದೇ ಆಕಾರ ಮೂಡುವಂತೆ ಲಾಂದ್ರಗಳನ್ನು ತೂಗುಹಾಕುತ್ತಿದ್ದರು. ಅಕ್ಷರ ಬಾರದವನೂ ಓದಬಹುದಾದ ಬರಹ ಅದು. ಅದೇ ವರ್ಷ ಆಗಸ್ಟ್ 1ರಂದು ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಯಲ್ಲಿ ಸಾರ್ವಜನಿಕರಿಗಾಗಿ ಮೊದಲ ಹವಾಮುನ್ಸೂಚನೆ ಅಚ್ಚಾಯಿತು. ಮುನ್ಸೂಚನೆಗೆ ಇಂದು ಇಂಗ್ಲಿಷಿನಲ್ಲಿ ಬಳಸುವ 'ಫೋರ್‌ಕಾಸ್ಟ್' ಎಂಬ ಪದವನ್ನು ಹವೆಗೆ ಅನ್ವಯಿಸಿದವನೂ ಅವನೇ. ಭವಿಷ್ಯ ನುಡಿಯುವ ಜ್ಯೋತಿಷಿಗಳ ಮಾತಿಗೂ ತನ್ನ ಲೆಕ್ಕಾಚಾರಕ್ಕೂ ವ್ಯತ್ಯಾಸ ತೋರಿಸಲು ಅವನಿಗೆ ಬೇರೆ ಪದವೇ ಬೇಕಿತ್ತು.

ಒಬ್ಬನೇ ಉಳಿದ

ಈ ವ್ಯವಸ್ಥೆಗೆ ಮೊದಲ ಪರೀಕ್ಷೆ ಬಂದದ್ದು ಅದು ಆರಂಭವಾದ ಕೆಲವೇ ದಿನಗಳಲ್ಲಿ. 1861ರ ಫೆಬ್ರವರಿ 9ರಂದು ಇಂಗ್ಲೆಂಡಿನ ಪೂರ್ವ ತೀರದ ಮೇಲೆ ಭೀಕರ ಬಿರುಗಾಳಿ ಎರಗಿತು. ಅದಕ್ಕೆ ಮೂರು ದಿನ ಮೊದಲೇ ಅತ್ತ ಕಡೆಗೆ ಎಚ್ಚರಿಕೆ ಹೋಗಿತ್ತು. ಆದರೆ ಎಚ್ಚರಿಕೆ ಬಂದ ಹೊತ್ತಿನಲ್ಲಿ ಹವೆ ಚೆನ್ನಾಗಿಯೇ ಇದ್ದುದರಿಂದ ಟೈನ್ ನದಿಯ ಬಂದರಿನಲ್ಲಿ ಅದನ್ನು ಲೆಕ್ಕಿಸದೆ ಹೊರಟ ಹಡಗುಗಳಿದ್ದವು.

ಆ ದಿನ ವಿಟ್ಬಿ ಎಂಬ ಊರಿನ ಜೀವರಕ್ಷಕ ದೋಣಿಯ 13 ಮಂದಿ ದಡಕ್ಕೆ ಬಂದು ಬಡಿಯುತ್ತಿದ್ದ ಹಡಗುಗಳಿಂದ ಜನರನ್ನು ತರಲು ಐದು ಬಾರಿ ಕಡಲಿಗಿಳಿದರು. ಐದು ಬಾರಿಯೂ ಗೆದ್ದರು. ದಣಿದ ಮೈಯಲ್ಲಿ ಆರನೆಯ ಬಾರಿ ಇಳಿದಾಗ ಅಲೆಯೊಂದು ದೋಣಿಯನ್ನು ಮಗುಚಿತು. ದಡದಲ್ಲಿ ಊರಿಗೆ ಊರೇ ನಿಂತು ನೋಡುತ್ತಿದ್ದಂತೆ 12 ಮಂದಿ ಮುಳುಗಿದರು. ಉಳಿದವನು ಹೆನ್ರಿ ಫ್ರೀಮನ್ ಒಬ್ಬನೇ. ಕಾರ್ಕಿನ ತುಂಡುಗಳನ್ನು ಹೊಲಿದು ಮಾಡಿದ ಹೊಸ ಮಾದರಿಯ ತೇಲುಅಂಗಿಯನ್ನು ಅಂದು ತೊಟ್ಟಿದ್ದವನೂ ಅವನೊಬ್ಬನೇ.

ಸಾಮಾನ್ಯ ಜನ ಶಂಕುವನ್ನು ನಂಬುವುದನ್ನು ಮೆಲ್ಲಗೆ ಕಲಿತರು. ಆದರೆ ವಿದ್ವಾಂಸರು ಫಿಟ್ಜ್‌ರಾಯ್‌ನನ್ನು ಒಪ್ಪಲಿಲ್ಲ. ಅವನ ಮುನ್ಸೂಚನೆಗಳು ತಪ್ಪಿದಾಗ ಪತ್ರಿಕೆಗಳು ಗೇಲಿ ಮಾಡಿದವು. ಇವನ ವಿಧಾನಕ್ಕೆ ಗಣಿತದ ಆಧಾರವಿಲ್ಲ, ಇದು ವಿಜ್ಞಾನವೇ ಅಲ್ಲ ಎಂಬ ಟೀಕೆ ಬಂತು. ಆ ಟೀಕೆಯಲ್ಲಿ ಸತ್ಯವೂ ಇತ್ತು. ಗಾಳಿಯ ಚಲನೆಯನ್ನು ಸಮೀಕರಣಗಳಲ್ಲಿ ಹಿಡಿದು ಲೆಕ್ಕ ಹಾಕುವ ಕಾಲ ಇನ್ನೂ ಬಹಳ ದೂರವಿತ್ತು. ಆದರೆ ದೋಣಿಗಳು ಆ ಕಾಲಕ್ಕಾಗಿ ಕಾಯುವಂತಿರಲಿಲ್ಲ. ತಿಳಿದಷ್ಟನ್ನು ತಿಳಿಸದೆ ಸುಮ್ಮನಿರುವುದು ಫಿಟ್ಜ್‌ರಾಯ್‌ನಿಂದ ಆಗುತ್ತಿರಲಿಲ್ಲ. ಕೆಲಸದ ಭಾರ, ಸಾಲ, ಅನಾರೋಗ್ಯ, ಅವಮಾನಗಳಿಂದ ಕುಗ್ಗಿದ ಆತ 1865ರ ಏಪ್ರಿಲ್ 30ರಂದು ಆತ್ಮಹತ್ಯೆ ಮಾಡಿಕೊಂಡ. ಆಗ ಅವನಿಗೆ 59 ವರ್ಷ.

ಫ್ರಾನ್ಸಿಸ್ ಗಾಲ್ಟನ್ ನೇತೃತ್ವದ ಸಮಿತಿಯೊಂದು ಅವನ ಕೆಲಸವನ್ನು ಪರಿಶೀಲಿಸಿ ಪ್ರತಿಕೂಲ ವರದಿ ಕೊಟ್ಟಿತು. 1866ರ ಕೊನೆಗೆ ಬಿರುಗಾಳಿಯ ಎಚ್ಚರಿಕೆಗಳೂ ನಿಂತುಹೋದವು. ಬಂದರುಗಳ ಕಂಬಗಳು ಬರಿದಾದವು. ಆಗ ಪ್ರತಿಭಟಿಸಿದವರು ಕಡಲನ್ನೇ ನಂಬಿ ಬದುಕುವ ಜನ. ಹತ್ತರಲ್ಲಿ ಕೆಲವು ತಪ್ಪಿದರೂ ಸರಿ, ಶಂಕು ಬೇಕು ಎಂಬುದು ಅವರ ವಾದ. ಮರುವರ್ಷವೇ ಸರಕಾರ ಎಚ್ಚರಿಕೆಗಳನ್ನು ಮತ್ತೆ ಆರಂಭಿಸಬೇಕಾಯಿತು. ಪತ್ರಿಕೆಗಳ ದಿನದ ಮುನ್ಸೂಚನೆ ಮರಳಲು ಮಾತ್ರ 1879ರವರೆಗೆ ಕಾಯಬೇಕಾಯಿತು.

ಐಮೌತ್‌ನ ಶುಕ್ರವಾರ

ಮಾಪಕವೂ ಇದ್ದು, ಅದನ್ನು ಓದಬಲ್ಲವರೂ ಇದ್ದು, ಆದರೂ ದೋಣಿ ಹೊರಡುವುದುಂಟೇ? ಇಂಗ್ಲೆಂಡಿನ ಗಡಿಯ ಸಮೀಪ ಸ್ಕಾಟ್ಲೆಂಡಿನ ಪೂರ್ವ ತೀರದಲ್ಲಿರುವ ಐಮೌತ್ ಎಂಬ ಮೀನುಗಾರರ ಊರಿನಲ್ಲಿ 1881ರ ಅಕ್ಟೋಬರ್ 14ರಂದು ಆದದ್ದು ಅದೇ.

ಚಳಿಗಾಲದ ಮೀನುಗಾರಿಕೆಯ ಆರಂಭದ ದಿನಗಳವು. ಕೆಟ್ಟ ಹವೆಯಿಂದಾಗಿ ದೋಣಿಗಳು ಆ ವಾರವೆಲ್ಲ ದಡದಲ್ಲೇ ಉಳಿದಿದ್ದವು. ಮನೆಗಳಲ್ಲಿ ಹಣವಿರಲಿಲ್ಲ. ಅಲ್ಲಿನ ಮೀನುಗಾರಿಕೆ ನೂರಾರು ಗಾಳಗಳಿರುವ ಉದ್ದನೆಯ ಹಗ್ಗಗಳಿಂದ ನಡೆಯುತ್ತಿತ್ತು. ಒಂದೊಂದು ಗಾಳಕ್ಕೂ ಪಚ್ಚಿಲೆಯ ಮಾಂಸ ಸಿಕ್ಕಿಸುವುದು ಮನೆಯ ಹೆಂಗಸರು, ಮಕ್ಕಳ ಕೆಲಸ. ಹೀಗೆ ಸಿದ್ಧವಾದ ಹಗ್ಗ ಕಡಲಿಗಿಳಿಯದಿದ್ದರೆ ಎರೆ ಕೊಳೆತು ಶ್ರಮವೆಲ್ಲ ವ್ಯರ್ಥ. ಶುಕ್ರವಾರ ಬೆಳಿಗ್ಗೆ ಗಾಳಿ ಬಿದ್ದುಹೋಗಿ ಬಿಸಿಲು ಮೂಡಿತ್ತು. ಬಂದರಿನ ವಾಯುಭಾರಮಾಪಕ ಮಾತ್ರ ಎಂದೂ ಕಾಣದಷ್ಟು ಕೆಳಗಿಳಿದಿತ್ತು. ಹಿರಿಯರು ಅದನ್ನು ನೋಡಿದರು, ಅನುಮಾನಿಸಿದರು. ಆದರೆ ಒಂದು ದೋಣಿ ಹೊರಟರೆ ಉಳಿದವು ನಿಲ್ಲುವುದಿಲ್ಲ. ದೋಣಿಗಳು ಹೊರಟವು.

ಮಧ್ಯಾಹ್ನದ ಹೊತ್ತಿಗೆ ಆಕಾಶ ಕಪ್ಪಾಗಿ ಬಿರುಗಾಳಿ ಎರಗಿತು. ಗಾಬರಿಯಿಂದ ಬಂದರಿನತ್ತ ಓಡಿಬಂದ ದೋಣಿಗಳಲ್ಲಿ ಹಲವು ಬಂದರಿನ ಬಾಯಿಯ ಬಂಡೆಗಳಿಗೆ ಬಡಿದು, ದಡದಲ್ಲಿ ನಿಂತ ಹೆಂಡತಿ ಮಕ್ಕಳ ಕಣ್ಣೆದುರೇ ಚೂರಾದವು. ಆ ತೀರದ ಊರುಗಳಿಂದ ಒಟ್ಟು 189 ಮೀನುಗಾರರು ಸತ್ತರು. ಅವರಲ್ಲಿ 129 ಮಂದಿ ಐಮೌತ್ ಒಂದೇ ಊರಿನವರು.

'ಏರಿಯಲ್ ಗಜೆಲ್' ಎಂಬ ದೋಣಿ ಬಂದರಿನತ್ತ ತಿರುಗದೆ ತೆರೆದ ಕಡಲಿನಲ್ಲೇ ಗಾಳಿಗೆ ಮುಖಕೊಟ್ಟು ನಿಂತಿತು. ಊರವರು ಅದರ ಆಸೆ ಬಿಟ್ಟಿದ್ದರು. ಸುಮಾರು 45 ಗಂಟೆಗಳ ನಂತರ, ಭಾನುವಾರ, ಅದು ಬಂದರಿಗೆ ಮರಳಿತು. ಬಿರುಗಾಳಿಯಲ್ಲಿ ದೋಣಿಯನ್ನು ಕೊಲ್ಲುವುದು ಬಹಳ ಸಲ ಆಳದ ಕಡಲಲ್ಲ, ದಡ. ನೀರು ಆಳ ಕಡಿಮೆಯಾದಂತೆ ಅಲೆಗಳು ಕಡಿದಾಗಿ ಎದ್ದು ಮುರಿದು ಬೀಳುತ್ತವೆ. ತಣ್ಣೀರಿನ ತೀರದ ನಾವಿಕರು ಇಂದಿಗೂ ಕಲಿಯುವ ಪಾಠ ಇದು.

ಐಮೌತ್‌ನ ಜನ ಅಜ್ಞಾನಿಗಳಾಗಿರಲಿಲ್ಲ. ಮಾಪಕ ಹೇಳಿದ್ದು ಅವರಿಗೆ ಅರ್ಥವಾಗಿತ್ತು. ಇನ್ನೊಂದು ದಿನ ದಡದಲ್ಲಿ ಕುಳಿತರೆ ಆಗುವ ನಷ್ಟವನ್ನು ತುಂಬಿಕೊಡುವವರು ಮಾತ್ರ ಯಾರೂ ಇರಲಿಲ್ಲ.

ಗಾಳಿಯಲ್ಲಿ ಬಂದ ಮಾತು

ಬಂದರಿನ ಶಂಕುವಿಗೆ ದೊಡ್ಡ ಮಿತಿಯೊಂದಿತ್ತು. ದಡದಲ್ಲಿದ್ದವರಿಗಷ್ಟೇ ಅದು ಕಾಣುತ್ತಿತ್ತು. ಹೊರಟುಹೋದ ದೋಣಿಗೆ ಸುದ್ದಿ ಮುಟ್ಟಿಸುವ ಬಗೆ ಇರಲಿಲ್ಲ. ರೇಡಿಯೊ ಈ ಕೊರತೆಯನ್ನು ನೀಗಿಸಿತು. 1920ರ ದಶಕದಲ್ಲಿ ಬ್ರಿಟನ್ನಿನಲ್ಲಿ ಹಡಗುಗಳಿಗಾಗಿಯೇ ಹವಾಮುನ್ಸೂಚನೆಯ ಪ್ರಸಾರ ಆರಂಭವಾಯಿತು. ಬಿ.ಬಿ.ಸಿ. ಅದನ್ನು ಮನೆಮನೆಗೂ ತಲುಪಿಸಿತು. ಎರಡನೆಯ ಮಹಾಯುದ್ಧದ ವರ್ಷಗಳ ಬಿಡುವನ್ನು ಬಿಟ್ಟರೆ ಅದು ಇಂದಿನವರೆಗೂ ನಡೆದು ಬಂದಿದೆ.

ಬ್ರಿಟನ್ನಿನ ಸುತ್ತಲ ಕಡಲನ್ನು 31 ವಲಯಗಳಾಗಿ ಹಂಚಿ, ಒಂದೊಂದಕ್ಕೂ ಗಾಳಿ, ಹವೆ, ದೂರದೃಶ್ಯತೆಗಳನ್ನು ಗೊತ್ತಾದ ಕ್ರಮದಲ್ಲಿ ಓದುತ್ತಾರೆ. ಪ್ರತಿ ಪದಕ್ಕೂ ನಿಗದಿಯಾದ ಅರ್ಥವಿದೆ. ಬಿರುಗಾಳಿ 'ಸನ್ನಿಹಿತ' ಎಂದರೆ ಆರು ಗಂಟೆಯೊಳಗೆ, 'ಬೇಗ' ಎಂದರೆ ಆರರಿಂದ ಹನ್ನೆರಡು ಗಂಟೆಯೊಳಗೆ, 'ಆಮೇಲೆ' ಎಂದರೆ ಹನ್ನೆರಡು ಗಂಟೆ ಕಳೆದ ಮೇಲೆ. ಗಾಳಿಯ ಬಲವನ್ನು ಹೇಳುವುದು ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬೋಫರ್ಟ್ 19ನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಅಳತೆಯಲ್ಲಿ. ಅದರ 8ನೆಯ ಮಟ್ಟ, ಅಂದರೆ ಗಂಟೆಗೆ ಸುಮಾರು 62ರಿಂದ 74 ಕಿ.ಮೀ. ವೇಗ, ಮುಟ್ಟಿದರೆ ಬಿರುಗಾಳಿಯ ಎಚ್ಚರಿಕೆ. ದಡದ ಸಮೀಪ ಓಡಾಡುವ ಸಣ್ಣ ದೋಣಿಗಳಿಗೆ ಪ್ರತ್ಯೇಕ ಮುನ್ಸೂಚನೆ ಇದೆ. ಐಸ್‌ಲ್ಯಾಂಡಿನ ಕಡೆಯ ವಲಯಕ್ಕೆ ಬಂದಾಗ ಚಳಿಗಾಲದಲ್ಲಿ ಇನ್ನೊಂದು ಪದ ಸೇರಿಕೊಳ್ಳುತ್ತದೆ: ಹಿಮಗಟ್ಟುವಿಕೆ.

ಹಡಗಿನ ಮೇಲೆ ಬೆಳೆಯುವ ಹಿಮ

ಕಡಲ ನೀರು ಉಪ್ಪಾದ್ದರಿಂದ ಶೂನ್ಯಕ್ಕಿಂತ ಕೆಳಗೆ, ಸುಮಾರು ಮೈನಸ್ 1.8 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಬಲವಾದ ಗಾಳಿಯಲ್ಲಿ ಹಡಗಿನ ಮೂತಿ ಅಲೆಗೆ ಬಡಿದಾಗ ತುಂತುರು ಎದ್ದು ಮೇಲೆ ಹಾರುತ್ತದೆ. ಗಾಳಿ ಅದಕ್ಕಿಂತಲೂ ತಣ್ಣಗಿದ್ದರೆ ಆ ತುಂತುರು ಕಂಬ, ಹಗ್ಗ, ಕಟಕಟೆಗಳ ಮೇಲೆ ಬಿದ್ದಲ್ಲೇ ಹಿಮವಾಗುತ್ತದೆ. ಬೆರಳು ಗಾತ್ರದ ಹಗ್ಗ ತೊಡೆಯಷ್ಟು ದಪ್ಪವಾಗುತ್ತದೆ. ಹೀಗೆ ಟನ್ನುಗಟ್ಟಲೆ ಭಾರ ಕೂಡುವುದು ಹಡಗಿನ ಮೇಲ್ಭಾಗದಲ್ಲಿ. ತಲೆಭಾರವಾದ ಹಡಗು ಅಲೆಗೆ ಒಂದು ಕಡೆ ವಾಲಿದರೆ ಮತ್ತೆ ನೇರವಾಗುವುದಿಲ್ಲ. ಕೊಡಲಿ, ಸುತ್ತಿಗೆ ಹಿಡಿದು ಹಗಲು ರಾತ್ರಿ ಹಿಮ ಒಡೆಯುವುದೊಂದೇ ದಾರಿ. ಅದೂ ಅಲೆ ಬಾಚಿಕೊಳ್ಳುವ, ಕಾಲು ಜಾರುವ ಅಟ್ಟದ ಮೇಲೆ.

ಇಂಗ್ಲೆಂಡಿನ ಹಲ್ ಬಂದರಿನ ಟ್ರಾಲರುಗಳು ಕಾಡ್ ಮೀನಿಗಾಗಿ ಚಳಿಗಾಲದಲ್ಲೂ ಐಸ್‌ಲ್ಯಾಂಡಿನ ಉತ್ತರಕ್ಕೆ ಹೋಗುತ್ತಿದ್ದವು. 1955ರ ಜನವರಿ 26ರಂದು 'ಲೊರೆಲ್ಲ', 'ರೋಡರಿಗೊ' ಎಂಬ ಎರಡು ಟ್ರಾಲರುಗಳು ಹೀಗೆ ಹಿಮದ ಭಾರಕ್ಕೆ ಮಗುಚಿ 40 ಮಂದಿ ಸತ್ತರು. ಹದಿಮೂರು ವರ್ಷಗಳ ನಂತರ ಅದೇ ಊರು ಅದಕ್ಕಿಂತ ದೊಡ್ಡ ಪೆಟ್ಟು ತಿಂದಿತು. 1968ರ ಜನವರಿ 10ರಂದು ಹೊರಟ 'ಸೇಂಟ್ ರೋಮನಸ್' ಮತ್ತು 'ಕಿಂಗ್‌ಸ್ಟನ್ ಪೆರಿಡಾಟ್' ಮರಳಲಿಲ್ಲ. ಸೇಂಟ್ ರೋಮನಸ್‌ನಲ್ಲಿ ರೇಡಿಯೊ ನಿರ್ವಾಹಕನೇ ಇರಲಿಲ್ಲ. ಅದು ಕಾಣೆಯಾದುದರ ಬಗ್ಗೆ ಎರಡು ವಾರ ಯಾರೂ ಗಾಬರಿಗೊಳ್ಳಲಿಲ್ಲ. ಫೆಬ್ರವರಿ 4ರ ರಾತ್ರಿ 'ರಾಸ್ ಕ್ಲೀವ್‌ಲೆಂಡ್' ಐಸ್‌ಲ್ಯಾಂಡಿನ ವಾಯವ್ಯ ತೀರದ ಕಡಲಚಾಚಿನಲ್ಲಿ ಬಿರುಗಾಳಿಯಿಂದ ಆಶ್ರಯ ಪಡೆದಿದ್ದಾಗಲೇ ಹಿಮ ಹೊತ್ತು ಮಗುಚಿತು. ಮಡದಿ ಮಕ್ಕಳಿಗೆ ತಮ್ಮ ಪ್ರೀತಿ ತಿಳಿಸಿ ಎಂದು ಅದರ ಕಪ್ತಾನ ರೇಡಿಯೊದಲ್ಲಿ ಹೇಳಿದ ಕೊನೆಯ ಮಾತನ್ನು ಸುತ್ತಲಿನ ಹಡಗುಗಳು ಕೇಳಿಸಿಕೊಂಡವು. ಅದೇ ಬಿರುಗಾಳಿಗೆ ಐಸ್‌ಲ್ಯಾಂಡಿನ 'ಹೇದ್ರೂನ್' ಎಂಬ ಮೀನುದೋಣಿಯೂ ಆರು ಮಂದಿಯೊಂದಿಗೆ ಕಾಣೆಯಾಯಿತು.

ಹಲ್‌ನ ಮೂರು ಹಡಗುಗಳಿಂದ 58 ಮಂದಿ ಸತ್ತರು. ಬದುಕಿ ಬಂದವನು ರಾಸ್ ಕ್ಲೀವ್‌ಲೆಂಡ್‌ನ ಹ್ಯಾರಿ ಎಡಮ್ ಒಬ್ಬನೇ. ರಬ್ಬರ್ ತೆಪ್ಪಕ್ಕೇರಿದ ಮೂವರಲ್ಲಿ ಸರಿಯಾದ ಬಟ್ಟೆ ಇಲ್ಲದ ಇಬ್ಬರು ಚಳಿಗೆ ಸತ್ತರು. ಅಟ್ಟದ ಕೆಲಸಕ್ಕೆಂದು ನೀರು ತಡೆಯುವ ಉಡುಪು ತೊಟ್ಟಿದ್ದ ಎಡಮ್ ದಡ ಸೇರಿ, ಮುಚ್ಚಿದ ಮನೆಯೊಂದರ ಮರೆಯಲ್ಲಿ ರಾತ್ರಿಯಿಡೀ ನಿದ್ದೆ ಮಾಡದೆ ನಿಂತೇ ಕಳೆದ. ಬೆಳಿಗ್ಗೆ ಕುರಿ ಕಾಯುವ ಹುಡುಗ ಅವನನ್ನು ಕಂಡ.

ತಲೆವಸ್ತ್ರದ ಹೆಂಗಸರು

ಈ ಬಾರಿ ಪ್ರಶ್ನೆ ಕೇಳಲು ಮುಂದೆ ಬಂದವರು ಹಲ್‌ನ ಹೆಂಗಸರು. ಮೀನು ಸಂಸ್ಕರಣೆಯ ಕೆಲಸಗಾರ್ತಿ ಲಿಲಿಯನ್ ಬಿಲೋಕಾ ಹತ್ತು ಸಾವಿರ ಸಹಿ ಸಂಗ್ರಹಿಸಿದಳು. ಪ್ರತಿ ಟ್ರಾಲರಿನಲ್ಲೂ ಪೂರ್ಣಾವಧಿ ರೇಡಿಯೊ ನಿರ್ವಾಹಕ ಇರಬೇಕು, ಹವಾಮುನ್ಸೂಚನೆ ಸರಿಯಾಗಿ ಮುಟ್ಟಬೇಕು, ವೈದ್ಯನಿರುವ ತಾಯಿಹಡಗು ಜೊತೆಗಿರಬೇಕು ಎಂಬುವು ಅವಳ ಮತ್ತು ಸಂಗಾತಿಗಳ ಬೇಡಿಕೆಗಳಲ್ಲಿ ಮುಖ್ಯವಾದುವು. ತಲೆಗೆ ವಸ್ತ್ರ ಕಟ್ಟಿದ ಆ ಹೆಂಗಸರು ಬಂದರಿಗೆ ನುಗ್ಗಿದರು, ಲಂಡನ್ನಿಗೆ ಹೋಗಿ ಮಂತ್ರಿಗಳನ್ನು ಕಂಡರು. ಬೇಡಿಕೆಗಳಿಗೆ ಸರಕಾರ ಒಪ್ಪಿತು. ಹವೆ ಸುಧಾರಿಸುವವರೆಗೆ ಐಸ್‌ಲ್ಯಾಂಡಿನ ಉತ್ತರಕ್ಕೆ ಹೋಗದಂತೆ ತಡೆ ಬಂತು. ಮುಂದಿನ ಚಳಿಗಾಲದಲ್ಲಿ 'ಒರ್ಸಿನೊ' ಎಂಬ ಹಡಗು ಹವಾಮಾನ ತಜ್ಞರನ್ನೂ ವೈದ್ಯನನ್ನೂ ಹೊತ್ತು ಟ್ರಾಲರುಗಳ ಬೆಂಗಾವಲಿಗೆ ಹೊರಟಿತು.

ಇಷ್ಟು ಮಾಡಿದ ಬಿಲೋಕಾಗೆ ಸಿಕ್ಕ ಪ್ರತಿಫಲ ವಿಚಿತ್ರ. ಹೋರಾಟದಿಂದ ಸಂಪಾದನೆಗೆ ಅಡ್ಡಿಯಾಯಿತೆಂದು ಕೆಲವರು ಬೈದು ಬೆದರಿಕೆ ಪತ್ರ ಬರೆದರು. ಅವಳ ಕೆಲಸ ಹೋಯಿತು. ಮೀನಿನ ಉದ್ಯಮದಲ್ಲಿ ಮತ್ತೆ ಕೆಲಸ ಸಿಗಲಿಲ್ಲ. 1988ರಲ್ಲಿ ಆಕೆ ತೀರಿಕೊಂಡಳು. ಹಡಗಿನವರ ಕೂಲಿ ಹಿಡಿದ ಮೀನಿನ ಮೇಲೆ ನಿಂತಿದ್ದಾಗ ದಡದಲ್ಲಿ ನಿಲ್ಲಿ ಎಂದವರ ಮೇಲೆ ಸಿಟ್ಟು ಬರುವುದು ಸಹಜ. ಐಮೌತ್‌ನ ಲೆಕ್ಕ ಹಲ್‌ನಲ್ಲೂ ಬದಲಾಗಿರಲಿಲ್ಲ.

ತಣ್ಣೀರಿನ ಲೆಕ್ಕ

ಈಗ ಉಪಗ್ರಹಗಳಿವೆ, ಗಣಕಯಂತ್ರಗಳು ದಿನಗಟ್ಟಲೆ ಮುಂಚೆ ಬಿರುಗಾಳಿಯ ದಾರಿ ಬರೆಯುತ್ತವೆ. 1976ರಲ್ಲಿ ಐಸ್‌ಲ್ಯಾಂಡಿನೊಂದಿಗಿನ ಮೀನಿನ ವಿವಾದ ಮುಗಿದ ಮೇಲೆ ಹಲ್‌ನ ಟ್ರಾಲರುಗಳ ಆ ಯಾನಗಳೂ ಮುಗಿದವು. ಆದರೆ ಕರಾವಳಿಯ ಸಣ್ಣ ಮೀನುದೋಣಿಗಳು, ವಿಹಾರದ ಹಾಯಿದೋಣಿಗಳು ಅಪಾಯದಿಂದ ಪಾರಾಗಿಲ್ಲ. ದೋಣಿಯಿಂದ ಬಿದ್ದವರು ಬಹಳ ಹೊತ್ತು ನಡುಗಿ ಸಾಯುತ್ತಾರೆಂಬುದು ಹಳೆಯ ನಂಬಿಕೆ. ಹಲವರು ಅದಕ್ಕೆ ಎಷ್ಟೋ ಮೊದಲೇ ಸಾಯುತ್ತಾರೆಂದು ವೈದ್ಯ ವಿಜ್ಞಾನ ತೋರಿಸಿದೆ. ತಣ್ಣೀರು ಮೈಗೆ ತಾಗಿದ ಮೊದಲ ನಿಮಿಷದಲ್ಲಿ ಉಸಿರು ಹಿಡಿತಕ್ಕೆ ಸಿಗದೆ ಏದುಸಿರು ಬರುತ್ತದೆ. ಬಾಯಿ ನೀರಿನೊಳಗಿದ್ದರೆ ಅಲ್ಲಿಗೇ ಮುಗಿಯಿತು. ಮುಂದಿನ ಹತ್ತು ನಿಮಿಷಗಳಲ್ಲಿ ಕೈಕಾಲು ಸೋಲುತ್ತವೆ, ಒಳ್ಳೆಯ ಈಜುಗಾರನೂ ಹಗ್ಗ ಹಿಡಿಯಲಾರ. ದೇಹದ ಒಳಗಿನ ಶಾಖ ಅಪಾಯದ ಮಟ್ಟಕ್ಕಿಳಿಯಲು ಇನ್ನೂ ಬಹಳ ಹೊತ್ತು ಬೇಕು. ತೇಲುಅಂಗಿ ತೊಟ್ಟವನಿಗೆ ಮಾತ್ರ ಆ ಹೊತ್ತು ಸಿಗುತ್ತದೆ. ವಿಟ್ಬಿಯ ಹೆನ್ರಿ ಫ್ರೀಮನ್ ಉಳಿದ ಗುಟ್ಟು ಇದು.

ಇನ್ನೊಂದು ವಿಷಯ ಅಲ್ಲಿನವರೇ ಮರೆಯುತ್ತಾರೆ. ಕಡಲು ನಿಧಾನವಾಗಿ ತಣಿಯುತ್ತದೆ, ನಿಧಾನವಾಗಿ ಕಾಯುತ್ತದೆ. ಬ್ರಿಟನ್ನಿನ ತೀರದ ನೀರು ಅತಿ ತಣ್ಣಗಿರುವುದು ಡಿಸೆಂಬರಿನಲ್ಲಲ್ಲ, ಫೆಬ್ರವರಿ ಕೊನೆ ಮತ್ತು ಮಾರ್ಚ್ ತಿಂಗಳಲ್ಲಿ. ದಡದಲ್ಲಿ ಹೂವು ಅರಳಿ, ಬಿಸಿಲು ಬಿದ್ದು, ಜನ ದೋಣಿಗಳನ್ನು ಹೊರತೆಗೆಯುವ ಹೊತ್ತಿಗೆ ನೀರಿನಲ್ಲಿ ಚಳಿಗಾಲ ಇನ್ನೂ ಮುಗಿದಿರುವುದಿಲ್ಲ.

ಫಿಟ್ಜ್‌ರಾಯ್‌ನ ಶಂಕು ಬ್ರಿಟನ್ನಿನ ಬಂದರುಗಳಿಂದ ಮರೆಯಾಗಿದೆ. 2002ರಲ್ಲಿ ರೇಡಿಯೊ ಮುನ್ಸೂಚನೆಯ ವಲಯವೊಂದಕ್ಕೆ 'ಫಿಟ್ಜ್‌ರಾಯ್' ಎಂದು ಹೆಸರಿಟ್ಟು ದೇಶ ಅವನ ಋಣವನ್ನು ತಡವಾಗಿ ನೆನೆಯಿತು. ಭಾರತದ ಬಂದರುಗಳ ಸಂಕೇತ ಪದ್ಧತಿಯಲ್ಲಿ ಹಗಲಿಗೆ ಶಂಕು ಮತ್ತು ಡೋಲಿನ ಆಕಾರಗಳೇ ಬಳಕೆಗೆ ಬಂದವು. ಬಂದರಿನಲ್ಲಿ ಮೂರನೆಯ ಸಂಖ್ಯೆಯ ಎಚ್ಚರಿಕೆ ಎಂದು ನಮ್ಮ ಪತ್ರಿಕೆಗಳಲ್ಲಿ ಬರುವ ಸುದ್ದಿಯ ಹಿಂದಿರುವುದು ಈ ಪದ್ಧತಿಯೇ.

2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬಂದಾಗ ಎಚ್ಚರಿಕೆ ಹೊರಡುವ ಮೊದಲೇ ಕೇರಳ, ತಮಿಳುನಾಡಿನ ಅನೇಕ ದೋಣಿಗಳು ಆಳ ಕಡಲು ಸೇರಿದ್ದವು. ಸುದ್ದಿ ಅವುಗಳನ್ನು ಮುಟ್ಟಲಿಲ್ಲ. ಕರ್ನಾಟಕದ ಕರಾವಳಿಯಲ್ಲಿ ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತಾನ ಉಳಿಯಲಿ ಎಂಬುದು ಅದರ ಮುಖ್ಯ ಉದ್ದೇಶ. ಆದರೆ ಎಲ್ಲ ದೋಣಿಗಳೂ ಒಟ್ಟಿಗೆ ನಿಲ್ಲುವುದರಿಂದ ನೆರೆಯವನು ಹೊರಟನಲ್ಲ ಎಂಬ ಚಡಪಡಿಕೆ ಆ ದಿನಗಳಲ್ಲಿ ಇರುವುದಿಲ್ಲ. ಐಮೌತ್‌ನ ಶುಕ್ರವಾರ ಬೆಳಿಗ್ಗೆ ಅಂಥ ನಿಯಮವೂ ಇರಲಿಲ್ಲ, ದಡದಲ್ಲಿ ಉಳಿದವನ ಒಲೆ ಉರಿಸುವವರೂ ಇರಲಿಲ್ಲ. ಅಲ್ಲಿದ್ದುದು ಕುಸಿದ ಮಾಪಕ, ಎರೆ ಸಿಕ್ಕಿಸಿದ ಹಗ್ಗ ಮತ್ತು ಕಣ್ಣು ಕೋರೈಸುವ ಬಿಸಿಲು.